ಮುಂಬಯಿ ಜಿಮ್‌ಗಳು ವರ್ಷದ ಫೀಯನ್ನು ಮೊದಲೇ ಕೇಳುವುದೇಕೆ?

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಅಂಧೇರಿ, ಮುಲುಂಡ್, ಠಾಣೆಯ ಜಿಮ್‌ಗಳ ಮುಂದೆ ಒಂದೇ ಬಗೆಯ ಬ್ಯಾನರ್ ಏಳುತ್ತದೆ. ವರ್ಷಕ್ಕೆ ಸೇರಿದರೆ ಭಾರೀ ರಿಯಾಯಿತಿ. ಒಂದೇ ತಿಂಗಳಿಗೆ ಅಂದರೆ ಕೌಂಟರಿನವರ ಮುಖ ಸಣ್ಣದಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಆದರೆ ಫೀಯೂ ಅಷ್ಟೇ ಇಳಿಯಬೇಕೆಂದಿಲ್ಲ. ಹೊಸ ದರದಲ್ಲಿ ಮಾಲೀಕ ತಾನು ಬಾಡಿಗೆ, ಯಂತ್ರಗಳ ಮೇಲೆ ಕಟ್ಟಿದ ತೆರಿಗೆಯನ್ನು ಸದಸ್ಯರಿಂದ ಪಡೆದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ, ಅದು ಅವನ ಖರ್ಚಿಗೇ ಸೇರುತ್ತದೆ. ತೆರಿಗೆ, ರಿಯಾಯಿತಿ, ಕಂತು, ಮುಚ್ಚಿಹೋದ ಶಾಖೆ ಎಲ್ಲ ಸೇರಿ ಗಂಟು ಬಿಗಿಯಾಗಿದೆ. ಬಿಡಿಸಹೊರಟರೆ ಮೊದಲು ಕೈಗೆ ಸಿಗುವ ಎಳೆ ಜಾಗದ ಬಾಡಿಗೆ.

ಗರಡಿಗೆ ಈ ಲೆಕ್ಕ ಬೇಕಿರಲಿಲ್ಲ. ಪೇಶ್ವೆಗಳ ಕಾಲದಲ್ಲಿ ಬಾಳಂಭಟ್ಟದಾದಾ ದೇವಧರ್ ಮಲ್ಲಕಂಬಕ್ಕೆ ಮರುಜೀವ ಕೊಟ್ಟಂದಿನಿಂದ ಹಿಡಿದು 1925ರಲ್ಲಿ ದಾದರಿನಲ್ಲಿ ಶುರುವಾದ ಸಮರ್ಥ ವ್ಯಾಯಾಮ ಮಂದಿರದವರೆಗೆ, ಸಾಮಿನ ಖರ್ಚೆಂದರೆ ನೆಲ, ಮರ, ಎಣ್ಣೆ. ದಂಡ ಹೊಡೆಯಲು ಆರಡಿ ಉದ್ದ, ಮೂರಡಿ ಅಗಲ ಸಾಕು, ಬಸ್ಕಿಗೆ ಅದರರ್ಧ. ಕುಸ್ತಿಯ ಮಣ್ಣಿಗೆ ಮಾತ್ರ ಆರೈಕೆ ಹೆಚ್ಚು. ಕೆಮ್ಮಣ್ಣನ್ನು ಜರಡಿ ಹಿಡಿದು ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ ಹದ ಮಾಡಬೇಕು, ಆಮೇಲೆ ಅಗೆದು ತಿರುವುತ್ತ ನೀರು ಚಿಮುಕಿಸುತ್ತಲೇ ಇರಬೇಕು. ಬಿಟ್ಟರೆ ಗಟ್ಟಿಯಾಗಿ ಮೊಣಕೈ ತರಚುತ್ತದೆ. ಮಳೆಗಾಲದಲ್ಲಿ ತೇವ ಆರದಿದ್ದರೆ ಹುಳುಕಡ್ಡಿ ಒಬ್ಬರಿಂದೊಬ್ಬರಿಗೆ ಹತ್ತುತ್ತದೆ. ಅಗೆಯುವವರು ಪೈಲ್ವಾನರೇ ಆದ್ದರಿಂದ ಕೂಲಿಯೂ ಇಲ್ಲ, ಸಾಮೂ ಆಯಿತು. ಹೆಂಗಸರಿಗೆ ಮಾತ್ರ ಹೆಚ್ಚಿನ ಗರಡಿಗಳ ಬಾಗಿಲು ತೆರೆದಿರಲಿಲ್ಲ. ಹಳೆಯದನ್ನು ಹೊಗಳುವವರು ಈ ಮಾತನ್ನು ಎತ್ತುವುದಿಲ್ಲ.

ಕಬ್ಬಿಣ ಬಂದದ್ದೂ ಈಚೆಗಲ್ಲ. 1932ರಲ್ಲಿ ಮುಂಬಯಿಯಲ್ಲಿ ತಳವಲಕರ್ ವ್ಯಾಯಾಮಶಾಲೆ ಶುರುವಾಯಿತು. ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ (ಕನ್ನಡಿಗರಿಗೆ ಕಾದಂಬರಿಕಾರರಾಗಿಯೇ ಹೆಚ್ಚು ಪರಿಚಿತರು) ಬಾರ್‌ಬೆಲ್ ಜೊತೆ ಸೂರ್ಯನಮಸ್ಕಾರವನ್ನೂ ಕಲಿಸುತ್ತಿದ್ದರು, ಅಂಚೆಯಲ್ಲೂ ಪಾಠ ಕಳಿಸುತ್ತಿದ್ದರು. ಮುಂದಿನ ಐವತ್ತು ವರ್ಷದಲ್ಲಿ ಎಲ್ಲ ಕಡೆ ಡಂಬೆಲ್ ಬಂತು, ಕನ್ನಡಿ ಬಂತು, ಮಣ್ಣು ಹೋಯಿತು. ಚಾಳಿನ (ಕಾರ್ಮಿಕರ ಸಾಲುಮನೆಗಳ) ಮಂಡಳಗಳ ಜಿಮ್‌ಗೆ ಯಂತ್ರ ಮಾಡಿಕೊಡುತ್ತಿದ್ದವನು ಪಕ್ಕದ ಬೀದಿಯ ವೆಲ್ಡರ್: ಚೌಕ ಪೈಪು, ಉಕ್ಕಿನ ತಂತಿಹಗ್ಗ, ಎರಕದ ಪ್ಲೇಟು. ಹೋಟೆಲಿನ ಪಾಳಿ ಮುಗಿಸಿ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದ ಕರಾವಳಿಯ ಹುಡುಗರ ಕೈಗೆಟುಕುವಂಥವು ಈ ಜಿಮ್‌ಗಳೇ. ಪುಡಿಗಾಸಿನ ವರ್ಗಣಿಯಲ್ಲಿ (ವಂತಿಗೆಯಲ್ಲಿ) ನಡೆಯುತ್ತಿದ್ದವು, ಏಕೆಂದರೆ ಜಾಗ ಮಂಡಳದ್ದೋ ಪಾಲಿಕೆಯದ್ದೋ ಆಗಿರುತ್ತಿತ್ತು.

1982ರ ಮುಷ್ಕರದ ಬಳಿಕ ಬಟ್ಟೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1991ರ ಅಭಿವೃದ್ಧಿ ನಿಯಮಗಳು, 2001ರ ತಿದ್ದುಪಡಿ ಆ ನೆಲವನ್ನು ಮಾರುಕಟ್ಟೆಗೆ ತಂದವು. ಪರೇಲಿನಲ್ಲಿ ಚಿಮಣಿಯ ಪಕ್ಕದಲ್ಲೇ ಮಾಲ್ ಎದ್ದಿತು. 2002ರಲ್ಲಿ ಅಮೆರಿಕದ ಗೋಲ್ಡ್ಸ್ ಜಿಮ್ ನಗರಕ್ಕೆ ಕಾಲಿಟ್ಟಿತು. ಏಸಿ, ಟ್ರೆಡ್‌ಮಿಲ್, ಸ್ಟೀಮ್, ಜೊತೆಗೆ ಹೆಂಗಸರು ಸಂಕೋಚವಿಲ್ಲದೆ ಬರಬಹುದಾದ ಜಾಗ. ಈ ಕೊನೆಯದು ಸಣ್ಣ ಸಂಗತಿಯಲ್ಲ. ಜಿಮ್ ಜನಪ್ರಿಯವಾದದ್ದರಲ್ಲಿ ಸಿನಿಮಾ ನಟರ ಮೈಕಟ್ಟಿನಷ್ಟೇ ಪಾಲು ಇದಕ್ಕೂ ಇದೆ.

ಆದರೆ ಇಲ್ಲಿಂದ ಜಾಗಕ್ಕೆ ಚದರಡಿಯ ಲೆಕ್ಕದಲ್ಲಿ ದುಡ್ಡು ಎಣಿಸಬೇಕಾಯಿತು. ಉದಾಹರಣೆಗೆ 2,500 ಚದರಡಿಯ ಜಿಮ್ ಎಂದಿಟ್ಟುಕೊಳ್ಳಿ. ಕೌಂಟರು, ಬಟ್ಟೆ ಬದಲಿಸುವ ಕೋಣೆ, ಬಚ್ಚಲಿಗೆ 500 ಹೋದರೆ ಉಳಿಯುವುದು 2,000. ಯಂತ್ರ, ಓಡಾಟ ಸೇರಿ ತಲೆಗೆ 40 ಚದರಡಿ ಹಿಡಿದರೆ ಒಂದು ಸಲಕ್ಕೆ 50 ಮಂದಿ. ಜನ ಬರುವುದು ಬೆಳಿಗ್ಗೆ 6ರಿಂದ 10, ಸಂಜೆ 6ರಿಂದ 10. ತಲಾ ಒಂದು ಗಂಟೆಯೆಂದರೆ ದಿನಕ್ಕೆ 400. ಚದರಡಿಗೆ 150 ರೂಪಾಯಿಯಂತೆ ಬಾಡಿಗೆಯೇ ತಿಂಗಳಿಗೆ 3.75 ಲಕ್ಷ, ಟ್ರೇನರ್‌ಗಳ ಸಂಬಳ, ಕರೆಂಟು, ರಿಪೇರಿ ಸೇರಿ 9 ಲಕ್ಷ ಎನ್ನಿ. ವರ್ಷಕ್ಕೆ 12,000 ರೂಪಾಯಿ ಫೀ ಇಟ್ಟರೆ ಖರ್ಚು ಸರಿದೂಗಿಸಲಿಕ್ಕೇ 900 ಸದಸ್ಯರು ಬೇಕು. ಅಂದರೆ ದಿನವೂ 500 ಮಂದಿ ಬಾರದೆ ಇರಬೇಕು! ತಿಂಗಳ ಫೀಯವನು ಬರುವುದು ಬಿಟ್ಟರೆ ಕೊಡುವುದನ್ನೂ ಬಿಡುತ್ತಾನೆ. ವರ್ಷದ ಫೀಯವನದು ಹಾಗಲ್ಲ, ಅವನ ಹಣ ಆಗಲೇ ಒಳಗೆ ಬಂದಿರುತ್ತದೆ.

ಆ ಹಣ ಹನ್ನೆರಡು ತಿಂಗಳು ತೀರಿಸಬೇಕಾದ ಋಣ. ಆದರೆ ಜನವರಿಯಲ್ಲಿ ಕೈತುಂಬ ಬಂದದ್ದು ಮುಂದಿನ ಶಾಖೆಯ ಡಿಪಾಸಿಟ್ಟಿಗೆ, ಒಳಾಂಗಣಕ್ಕೆ ಹೋಗುವುದು ಈ ವ್ಯವಹಾರದ ರೂಢಿಯೇ ಆಯಿತು. ಹೊಸಬರು ಸೇರುತ್ತಿರುವವರೆಗೆ ತೊಂದರೆ ಕಾಣುವುದಿಲ್ಲ. ಸೇರ್ಪಡೆ ತಗ್ಗಿದ ತಿಂಗಳಲ್ಲೇ ಬಾಡಿಗೆ ತಡವಾಗುತ್ತದೆ. 2010ರಲ್ಲಿ ಜಿಮ್ ಉದ್ಯಮ ಷೇರುಪೇಟೆಯನ್ನೂ ಮುಟ್ಟಿತು. 2019ರಲ್ಲಿ ಹಲವು ಶಾಖೆಗಳ ದೊಡ್ಡ ಜಿಮ್ ಸರಪಳಿಯೊಂದು ಸಾಲದ ಕಂತು ಕಟ್ಟಲಾಗದೆ ಕುಸಿಯಿತು. ಕೋವಿಡ್‌ನಿಂದಾಗಿ 2020ರ ಮಾರ್ಚಿನಲ್ಲಿ ಮುಚ್ಚಿದ ಮಹಾರಾಷ್ಟ್ರದ ಜಿಮ್‌ಗಳು ಮತ್ತೆ ತೆರೆದದ್ದು ಅಕ್ಟೋಬರ್ 25ರ ದಸರೆಗೆ; 2021ರ ಏಪ್ರಿಲ್‌ನಲ್ಲಿ ಮತ್ತೆ ಬೀಗ.

ಹಣದ ಬಿಗಿ ಮೊದಲು ಕಾಣುವುದು ರಿಪೇರಿಯಲ್ಲಿ. ಕಡಲ ಗಾಳಿಗೆ ಇಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಸೇರುವ ಮೊದಲು ಪುಲ್‌ಡೌನ್ ಯಂತ್ರದ (ಮೇಲಿನ ಹಿಡಿಕೆಯನ್ನು ಕೆಳಕ್ಕೆ ಎಳೆಯುವಂಥದ್ದು) ತಂತಿಹಗ್ಗವನ್ನು ಹಿಡಿಕೆಗೆ ಸೇರುವ ತುದಿಯಲ್ಲಿ ನೋಡಿ; ಪ್ಲಾಸ್ಟಿಕ್ ಹೊದಿಕೆ ಸೀಳಿ ಎಳೆ ಎದ್ದಿದ್ದರೆ ಅದು ಹರಿಯುವುದು ಭಾರ ಎಳೆದ ಹೊತ್ತಿನಲ್ಲೇ. ಪ್ಲೇಟುಗಳು ಜಾರುವ ಸರಳಿಗೆ ಗ್ರೀಸ್ ಬಳಿದಿದ್ದರೆ ಧೂಳು ಅಂಟಿ ಜಗ್ಗುತ್ತದೆ, ಅಲ್ಲಿ ಸಿಲಿಕೋನ್ ಸ್ಪ್ರೇ ಇರಬೇಕು. ಟ್ರೆಡ್‌ಮಿಲ್ ಬೆಲ್ಟಿನಡಿ ಸಿಲಿಕೋನ್ ಎಣ್ಣೆ ಒಣಗಿದರೆ ಮೋಟಾರಿನ ಮೇಲೆ ಹೊರೆ ಏರಿ ಕಂಟ್ರೋಲ್ ಬೋರ್ಡ್ ಸುಡುತ್ತದೆ. ಹತ್ತರಲ್ಲಿ ನಾಲ್ಕಕ್ಕೆ ‘ಕೆಟ್ಟಿದೆ’ ಎಂಬ ಚೀಟಿ ಅಂಟಿರುವ ಕಡೆ ವರ್ಷದ ಫೀ ಕಟ್ಟುವ ಮುನ್ನ ಯೋಚಿಸಬೇಕು.

ಈಗ ಫೀಯನ್ನು ‘ಬಡ್ಡಿಯಿಲ್ಲದ ಕಂತು’ಗಳಲ್ಲೂ ತೆಗೆದುಕೊಳ್ಳುತ್ತಾರೆ. ಕಾಗದ ಓದಿ ನೋಡಿ: ಅದು ತಿಂಗಳ ಫೀ ಅಲ್ಲ, ಹಣಕಾಸು ಕಂಪನಿ ನಿಮ್ಮ ಹೆಸರಿನಲ್ಲಿ ಕೊಟ್ಟ ಸಾಲ. ಸಾಲದ ಹಣ ಮೊದಲ ದಿನವೇ ಜಿಮ್‌ಗೆ ಸೇರಿರುತ್ತದೆ. ಜಿಮ್ ಮುಚ್ಚಿತೆಂದು ಕಂತು ನಿಲ್ಲಿಸಿದರೆ ಕೆಡುವುದು ನಿಮ್ಮ ಸಿಬಿಲ್ ಅಂಕ, ಅಂದರೆ ಸಾಲ ತೀರಿಸುವ ನಡತೆಗೆ ಸಿಗುವ ಅಂಕ. ರಸೀದಿ, ಸದಸ್ಯತ್ವದ ಕರಾರು, ಬಾಗಿಲಿಗೆ ಬೀಗ ಬಿದ್ದ ತಾರೀಖಿನ ಫೋಟೊ ಜೋಡಿಸಿ ಸಾಲ ಕೊಟ್ಟ ಕಂಪನಿಗೆ ಮೊದಲು ಬರವಣಿಗೆಯಲ್ಲಿ ತಿಳಿಸಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ (ಫೋನ್ ಸಂಖ್ಯೆ 1915) ದೂರು ದಾಖಲಿಸಿ.