ಬೇಸಿಗೇಲಿ ಬಂದು "ಇಲ್ಲ" ಅಂತ ಬರೀಬೇಡಿ

ಗಿಡಗಳ ಸರ್ವೆ ಮಾಡ್ಕೊಡಿ ಅಂತ ನಂಗೆ ಫೋನ್ ಬರೋದೇ ಫೆಬ್ರವರಿ, ಮಾರ್ಚಲ್ಲಿ. 31ರೊಳಗೆ ಬಿಲ್ ಆಗ್ಬೇಕು, ಅದಕ್ಕೆ "ಎರಡೇ ದಿನ ಸಾರ್, ಬಂದು ಲಿಸ್ಟ್ ಮಾಡ್ಕೊಟ್ಬಿಡಿ" ಅಂತಾರೆ. ಬಯಲುಸೀಮೇಲಿ ಎಷ್ಟೋ ಗಿಡಗಳು ಮಳೆ ಬಿದ್ದ ಎರಡು ಮೂರು ತಿಂಗಳಲ್ಲಿ ಹುಟ್ಟಿ, ಹೂಬಿಟ್ಟು, ಬೀಜ ಉದುರಿಸಿ ಮುಗಿಸಿರ್ತವೆ, ಮಾರ್ಚಲ್ಲಿ ಹೋಗಿ ನಾನು ಯಾರನ್ನ ಲೆಕ್ಕ ಹಾಕ್ಲಿ?

ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿ ಕೃಷ್ಣಮೃಗ ಮೀಸಲಿನಂಥ ಹುಲ್ಲುಗಾವಲನ್ನ ಬೇಸಿಗೇಲಿ ನೋಡಿದೋರು ಬಂಜರು ಅಂದ್ಬಿಡ್ತಾರೆ. ಬೆಂದ ನೆಲ, ಮೇಯ್ದು ಉಳಿದ ಹುಲ್ಲಿನ ಬುಡ, ಅಲ್ಲೊಂದು ಇಲ್ಲೊಂದು ತಂಗಡಿ, ಬೋರೆ, ಜಾಲಿ, ಬಂದರೆ ಗಿಡ. ಹಸ್ತ ಮಳೆ ಆದ್ಮೇಲೆ ಅಂಥ ನೆಲಕ್ಕೆ ಬನ್ನಿ, ಹಂಚಿಕಡ್ಡಿ ಹುಲ್ಲು ಎದ್ದು ನಿಂತಿರುತ್ತೆ, ಬುಡದಲ್ಲಿ ವಿಷ್ಣುಕ್ರಾಂತಿ ನೀಲಿ ಹೂ, ನೆಗ್ಗಿಲು, ತುಂಬೆ, ಕೂತ್ಕೊಂಡು ನೋಡಿದ್ರೆ ಒಂದು ಮೀಟರ್ ಚೌಕಕ್ಕೇ ಅರ್ಧ ಗಂಟೆ ಬೇಕು.

ನಾನು ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗದ ಮಾತು ಒಂದೇ: "ಕಾಣಲಿಲ್ಲ" ಬೇರೆ, "ಇಲ್ಲ" ಬೇರೆ. ನೀವು ಹೋದ ದಿನ ಕಾಣಲಿಲ್ಲ ಅಂದ್ರೆ ಆ ದಿನ ಕಾಣಲಿಲ್ಲ, ಅಷ್ಟೇ. ಗಿಡ ಬೀಜವಾಗಿ ಮಣ್ಣಲ್ಲಿರಬಹುದು, ಗೆಡ್ಡೆಯಾಗಿ ಒಳಗಿರಬಹುದು, ಇಲ್ಲಾ ನಿಮ್ಮ ಕಾಲ ಕೆಳಗೇ ಒಣಗಿ ಗುರುತು ಸಿಗದ ಹಾಗೆ ಬಿದ್ದಿರಬಹುದು. "ಇಲ್ಲ" ಅಂತ ಬರೆಯೋ ಮುಂಚೆ ಯಾವ ತಾರೀಖು, ಎಷ್ಟು ಗಂಟೆ ನಡೆದ್ರಿ, ಎಲ್ಲೆಲ್ಲಿ ನಡೆದ್ರಿ, ಕೊನೇ ಮಳೆ ಬಿದ್ದು ಎಷ್ಟು ದಿನ ಆಗಿತ್ತು, ಇಷ್ಟೂ ಪಕ್ಕದಲ್ಲಿ ಬರೀರಿ. ಇದಿಲ್ಲದ ಲಿಸ್ಟ್ ಮುಂದೆ ಯಾರಿಗೂ ಉಪಯೋಗಕ್ಕೆ ಬರಲ್ಲ.

ಕಾಡೀರುಳ್ಳೀನೇ ತಗೊಳ್ಳಿ. ಬೇಸಿಗೇಲಿ ಬರೀ ನೆಲದಿಂದ ಒಂದು ಹೂದಂಟು ಮಾತ್ರ ಏಳುತ್ತೆ, ಒಂದೆಲೆ ಇರಲ್ಲ, ಎಲೆ ಬರೋದು ಮಳೆ ಬಂದ್ಮೇಲೆ, ಅಷ್ಟೊತ್ತಿಗೆ ಹೂವಿರಲ್ಲ. ಒಂದ್ಸಲ ಮೇ ಶುರೂಲಿ ನಾನು ಕ್ವಾಡ್ರಾಟ್, ಅಂದ್ರೆ ಗಿಡ ಎಣಿಸೋಕೆ ನೆಲದ ಮೇಲೆ ಗುರುತು ಮಾಡೋ ಚೌಕ, ಹಾಕಿ ಸಾಲಾಗಿ ಸೊನ್ನೆ ಬರೀತಿದ್ದೆ, ಹೂದಂಟು ಆಗಲೇ ಒಣಗಿ ಉದುರಿ ಹೋಗಿತ್ತು. ಕುರಿ ಕಾಯೋ ಅಜ್ಜ ಒಬ್ರು ಬಂದು "ಏನ್ ಹುಡುಕ್ತಿದೀರಿ ಸಾಮಿ" ಅಂದ್ರು. ಗಿಡ ಅಜ್ಜ, ಇಲ್ಲೇನೂ ಇಲ್ಲ ಅಂದೆ. ಅವರು ಕೋಲಿನ ತುದೀಲಿ ನನ್ನ ಚೌಕದೊಳಗೇ ಕೆದಕಿದ್ರು, ಮುಷ್ಟಿಗಾತ್ರದ ಬಿಳೀ ಗೆಡ್ಡೆ, ಥೇಟ್ ಈರುಳ್ಳಿ ಹಾಗೇ ಪದರ ಪದರ. "ಮುಟ್ಬ್ಯಾಡಿ, ಕೈ ಕಡೀತದೆ. ಕುರಿ ಇದನ್ನ ಮೂಸಾದೂ ಇಲ್ಲ" ಅಂದು ಮತ್ತೆ ಮಣ್ಣು ಎಳೆದು ಮುಚ್ಚಿದ್ರು. ಅವತ್ತಿಂದ ಎಲ್ಲೇ ಹೋದ್ರೂ ಮೊದಲು ಕುರಿ ಕಾಯೋರ ಜೊತೆ ಒಂದು ಬೆಳಗ್ಗೆ ಕಳೀತೀನಿ, ಮಳೇಲಿ ಯಾವ್ಯಾವುದು ಎಲ್ಲೆಲ್ಲಿ ಏಳುತ್ತೆ ಅಂತ ಅವರಷ್ಟು ಚೆನ್ನಾಗಿ ಯಾರೂ ಹೇಳಲ್ಲ.

ಇದು ಬರೀ ಲಿಸ್ಟ್ ವಿಷಯ ಆಗಿದ್ರೆ ನಾನು ಇಷ್ಟು ಸಿಟ್ಟು ಮಾಡ್ಕೋತಿರಲಿಲ್ಲ. ಬೇಸಿಗೇಲಿ ಮಾಡಿದ ಒಂದು ರಿಪೋರ್ಟ್ ನಾನೇ ಓದಿದೀನಿ, ಹನ್ನೊಂದು ಮರ, ಪೊದೆ ಹೆಸರು, ಕೊನೇಲಿ "ಖಾಲಿ ಜಾಗ, ಸಸಿ ನೆಡಲು ಸೂಕ್ತ". ಮುಂದಿನ ವರ್ಷ ಅಲ್ಲಿ ಜೆಸಿಬಿ ಗುಂಡಿ. ಹುಲ್ಲಿನ ಬೇರು ಕಿತ್ತು ಮರ ನೆಟ್ರೆ ಬಯಲಲ್ಲಿ ಓಡಾಡೋ ಕೃಷ್ಣಮೃಗಕ್ಕೆ ಬಯಲೆಲ್ಲಿ ಉಳೀತು?

ಹಾಗಂತ ಮಳೇಲಿ ಒಂದ್ಸಲ ಹೋದ್ರೆ ಎಲ್ಲ ಸಿಕ್ಬಿಡುತ್ತೆ ಅಂತ ನಾನು ಹೇಳಲ್ಲ. ಮಳೆ ಕೈಕೊಟ್ಟ ವರ್ಷ ಕೆಲವು ಏಳೋದೇ ಇಲ್ಲ. ನನ್ನ ಮಟ್ಟಿಗೆ ಕಮ್ಮಿ ಅಂದ್ರೂ ಎರಡು ವರ್ಷ, ವರ್ಷಕ್ಕೆ ಮೂರ್ಸಲ: ಭರಣಿ, ಕೃತ್ತಿಕೆ ಮಳೆ ಆದ್ಮೇಲೆ, ಉತ್ತರೆ, ಹಸ್ತದ ಹೊತ್ತಿಗೆ, ಆಮೇಲೆ ನವೆಂಬರಲ್ಲಿ ಹುಲ್ಲು ತೆನೆ ಬಿಟ್ಟಾಗ, ಯಾಕಂದ್ರೆ ತೆನೆ ಇಲ್ಲದ ಹುಲ್ಲಿಗೆ ಹೆಸರು ಹೇಳೋದು ತುಂಬ ಕಷ್ಟ. ಬಿಲ್ ಮಾರ್ಚಲ್ಲೇ ಆಗ್ಬೇಕು ಅಂದ್ರೆ ಆಗ್ಲಿ, ನಂಗೆ ಮಾತ್ರ ಹಿಂದಿನ ಏಪ್ರಿಲಲ್ಲೇ ಫೋನ್ ಮಾಡಿ.