ಅಮ್ಮನವರ ಬಲಗೈ ಯಾಕೆ ಖಾಲಿ?

ಪ್ರಶ್ನೆ: ನಮ್ಮೂರ ಈಶ್ವರನ ಗುಡಿಯಲ್ಲಿ ಉತ್ಸವಕ್ಕೆ ತೆಗೆಯುವ ಪಂಚಲೋಹದ ಪಾರ್ವತಮ್ಮನವರ ಬಲಗೈ ಬೆರಳುಗಳು ಏನನ್ನೋ ಹಿಡಿದಂತೆ ಮಡಚಿಕೊಂಡಿವೆ. ಕೈಯಲ್ಲಿ ಮಾತ್ರ ಏನೂ ಇಲ್ಲ. ಹಿಂದೆ ಚಿನ್ನದ ಹೂವಿತ್ತು, ಕಳುವಾಯಿತು ಅಂತ ಹಿರಿಯರು ಹೇಳುತ್ತಾರೆ. ನಿಜವಾ ಸರ್? ಫೋಟೊ ಕಳಿಸಿದ್ದೇನೆ. (ಮುಳಬಾಗಿಲು ಕಡೆಯ ಓದುಗರು)

ಉತ್ತರ: ಫೋಟೊ ನೋಡಿಯೇ ಹೇಳುತ್ತಿದ್ದೇನೆ, ಏನೂ ಕಳುವಾಗಿಲ್ಲ. ಮಾಲೂರು, ಬಂಗಾರಪೇಟೆ, ಚಿಂತಾಮಣಿ, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ, ಎಲ್ಲ ಕಡೆಯೂ ಅದೇ ಚಿನ್ನದ ಹೂವು. ಕದ್ದವನ ಕಣ್ಣು ಹೋಯಿತು ಅನ್ನುವ ಬಾಲ ಬೇರೆ. ಎಷ್ಟು ಸಲ ಬಿಡಿಸಿ ಹೇಳಿದರೂ ಮುಂದಿನ ಜಾತ್ರೆಯ ಹೊತ್ತಿಗೆ ಕಥೆ ಮತ್ತೆ ಹೊರಟಿರುತ್ತದೆ. ಆದ್ದರಿಂದ ಈ ಸಲ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಆ ಕೈಗೆ ಕಟಕ ಹಸ್ತ ಎಂದು ಹೆಸರು. ಬೆರಳುಗಳು ಬಾಗಿ ಹೆಬ್ಬೆರಳಿನ ತುದಿ ಮುಟ್ಟುತ್ತವೆ, ನಡುವೆ ತೊಟ್ಟು ತೂರುವಷ್ಟು ಸಂದು ಉಳಿಯುತ್ತದೆ. ಶಿಲ್ಪಿ ಬೇಕೆಂದೇ ಬಿಟ್ಟ ಜಾಗ ಅದು. ಪೂಜೆಯ ಹೊತ್ತಿಗೆ ಅರ್ಚಕರು ಅಲ್ಲಿ ಹೊಸ ಹೂವು ಸಿಕ್ಕಿಸಬೇಕು. ಶಿಲ್ಪಶಾಸ್ತ್ರ ಹೇಳುವುದು ನೈದಿಲೆಯನ್ನು. ನಮ್ಮ ಕಡೆ ಗುಲಾಬಿಯೋ ಸೇವಂತಿಗೆಯೋ, ಅವತ್ತು ಸಿಕ್ಕಿದ್ದು. ನೂರಾರು ವರ್ಷ ಬಾಳುವ ಲೋಹದ ಕೈಗೆ ಅವತ್ತವತ್ತಿನ ಹೂವೇ ಬೇಕು ಅಂತ ಯೋಚಿಸಿದ ಶಿಲ್ಪಿಯ ಮೇಲೆ ನನಗೆ ಅಪಾರ ಗೌರವ. ಅಂಥ ಕೈಯನ್ನು ಕಳ್ಳತನದ ಗುರುತು ಅನ್ನುವಾಗ ಸಂಕಟವಾಗುತ್ತದೆ.

ಇನ್ನೂ ಅನುಮಾನವಿದ್ದರೆ ರಾಮದೇವರ ಉತ್ಸವಮೂರ್ತಿಯನ್ನು ಅಲಂಕಾರಕ್ಕೆ ಮೊದಲು ನೋಡಿ. ಅಲ್ಲಿಯೂ ಸಾಮಾನ್ಯವಾಗಿ ಕೈಗಳು ಖಾಲಿಯೇ. ಬಿಲ್ಲನ್ನು ಬೇರೆಯಾಗಿ ಮಾಡಿಸಿ ಸಿಕ್ಕಿಸುತ್ತಾರೆ. ರಾಮನ ಬಿಲ್ಲು ಕಳುವಾಯಿತು ಅಂತ ಯಾರೂ ಹೇಳುವುದಿಲ್ಲವಲ್ಲ!

ಕೈಯನ್ನೇ ಹತ್ತಿರದಿಂದ ಪರೀಕ್ಷಿಸಿದರೂ ಉತ್ತರ ಸಿಗುತ್ತದೆ. ಈ ಮೂರ್ತಿಗಳು ಮೇಣದ ಎರಕದವು. ಜೇನುಮೇಣಕ್ಕೆ ರಾಳ ಬೆರೆಸಿ ಮೂರ್ತಿ ತಿದ್ದಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ಅಚ್ಚು ಒಡೆದರೇ ಮೂರ್ತಿ ಹೊರಬರುವುದು. ಹೂವನ್ನೂ ಜೊತೆಗೇ ಎರಕ ಹೊಯ್ದದ್ದುಂಟು, ಶ್ರೀದೇವಿಯ ಕೈಯ ತಾವರೆ ಮೊಗ್ಗು ಎಷ್ಟೋ ಕಡೆ ಹಾಗೇ ಇದೆ. ಅಂಥದ್ದು ಬೆರಳಿಗೆ ಅಂಟಿಕೊಂಡೇ ಇರುತ್ತದೆ, ಮುರಿದರೆ ಒರಟು ಗಾಯ ಉಳಿಯುತ್ತದೆ. ನಿಮ್ಮ ಫೋಟೊದಲ್ಲಿ ಬೆರಳುಗಳ ಒಳಮೈ ನುಣುಪಾಗಿದೆ, ಹೆಬ್ಬೆರಳಿನ ಉಗುರಿನ ಗೆರೆ ಕೂಡ ಮಾಸಿಲ್ಲ.

ನಿಜವಾದ ಕಳ್ಳರು ಹೂವು ಕೀಳಲು ಬರುವುದಿಲ್ಲ, ಇಡೀ ಮೂರ್ತಿಯನ್ನೇ ಹೊತ್ತೊಯ್ಯುತ್ತಾರೆ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕಳುವಾದ ಉಮಾಪರಮೇಶ್ವರಿಯನ್ನು ಸಿಂಗಾಪುರದ ಒಂದು ಮ್ಯೂಸಿಯಂ 2007ರಲ್ಲಿ ಕೊಂಡಿತ್ತು. ಅಮ್ಮ ಭಾರತಕ್ಕೆ ಮರಳಿದ್ದು 2015ರಲ್ಲಿ. ನಿಮ್ಮ ಗುಡಿಯಲ್ಲಿ ಕಾಳಜಿ ಮಾಡಬೇಕಾದದ್ದು ಬೀಗದ ಬಗ್ಗೆ, ಮೂರ್ತಿಯ ಫೋಟೊ ದಾಖಲೆಯ ಬಗ್ಗೆ.

ಇಳಿಬಿಟ್ಟ ಎಡಗೈಗೆ ಲೋಲ ಹಸ್ತ ಎನ್ನುತ್ತಾರೆ, ಹಸುವಿನ ಬಾಲದಂತೆ ಸಡಿಲವಾಗಿರಬೇಕು ಎಂಬುದು ಲಕ್ಷಣ. ಅದೂ ಮುರಿದು ಜೋತಾಡುತ್ತಿರುವುದಲ್ಲ.

ಇಷ್ಟು ಕೈ ನೋಡಿದವರು ಯಾರೂ ಕೇಳದ ಪ್ರಶ್ನೆ ಒಂದಿದೆ: ಪಾರ್ವತಿಗೆ ಎರಡೇ ಕೈ ಯಾಕೆ? ಎರಡು ಕೈ ಇದ್ದರೆ ದೇವಿಯಲ್ಲ, ಯಾರೋ ರಾಣಿ ಎಂದುಕೊಳ್ಳುವವರಿದ್ದಾರೆ. ಪತಿಯ ಪಕ್ಕದಲ್ಲಿ ನಿಲ್ಲುವಾಗ ದೇವಿಗೆ ಎರಡು ಕೈ, ತಾನೇ ಪ್ರಧಾನ ದೇವತೆಯಾಗಿ ನಿಂತಾಗ ಸಾಮಾನ್ಯವಾಗಿ ನಾಲ್ಕು ಅಥವಾ ಇನ್ನೂ ಹೆಚ್ಚು. ನಮ್ಮ ಕೋಲಾರಮ್ಮ ಮಹಿಷಮರ್ದಿನಿ, ಆ ಗುಡಿಗೆ ಆಕೆಯೇ ಒಡತಿ, ಹಾಗಾಗಿ ಹಲವು ಕೈಗಳು.

ವಿಷ್ಣುವಿನ ಗುಡಿಯಲ್ಲಾದರೆ ಇಬ್ಬರು ದೇವಿಯರು, ನೋಡಲು ಒಂದೇ ಥರ. ಸ್ವಾಮಿಯ ಬಲಕ್ಕೆ ಶ್ರೀದೇವಿ, ಕೈಯಲ್ಲಿ ತಾವರೆ, ಎದೆಗೆ ಕಟ್ಟಿದ ಪಟ್ಟಿ, ಅದೇ ಕುಚಬಂಧ. ಎಡಕ್ಕೆ ಭೂದೇವಿ, ಕೈ ನೈದಿಲೆಯದು, ಎದೆಪಟ್ಟಿ ಇಲ್ಲ. ಎಡಬಲ ಎಂದರೆ ಸ್ವಾಮಿಯ ಎಡಬಲ, ಎದುರಿಗೆ ನಿಂತ ನಮಗೆ ಶ್ರೀದೇವಿ ಎಡಗಡೆ ಕಾಣುತ್ತಾಳೆ. ಸೀರೆ ಉಡಿಸಿ ಹಾರ ಹಾಕಿದ ಮೇಲೆ ಇದೊಂದೂ ಕಾಣುವುದಿಲ್ಲ, ಅಭಿಷೇಕದ ಹೊತ್ತಿಗೇ ಹೋಗಿ ನೋಡಿ.