ಡೈನಮಿಕ್ ರೇಂಜ್: ಜೋರಾಗಿದ್ದರೂ ಹಾಡು ಯಾಕೆ ಸಪ್ಪೆ?

ಈಚಿನ ಎಷ್ಟೋ ರಾಕ್ ಆಲ್ಬಮ್‌ಗಳನ್ನು ಕೇಳುತ್ತಾ ಕೂತರೆ ಮೂರನೇ ಹಾಡಿಗೇ ಕಿವಿ ಸುಸ್ತಾಗುತ್ತದೆ. ಹಾಡು ಚೆನ್ನಾಗಿಲ್ಲ ಅಂತಲ್ಲ. ಹಳೆಯ ಆಲ್ಬಮ್‌ಗಳನ್ನು ಇದಕ್ಕಿಂತ ಜಾಸ್ತಿ ವಾಲ್ಯೂಮಿನಲ್ಲಿ ಕೇಳಿದರೂ ಹೀಗಾಗುವುದಿಲ್ಲ. ಇಲ್ಲಿ ಕೆಟ್ಟಿರುವುದು ಡೈನಮಿಕ್ ರೇಂಜ್.

ಒಂದು ಹಾಡಿನಲ್ಲಿ ತೀರಾ ಮೆಲ್ಲಗಿರುವ ದನಿಗೂ ತೀರಾ ಜೋರಾಗಿರುವ ದನಿಗೂ ನಡುವಿನ ಅಂತರವೇ ಡೈನಮಿಕ್ ರೇಂಜ್. ಸಿ.ಡಿ.ಯಲ್ಲಿ ಇದಕ್ಕೆ ಸುಮಾರು 96 ಡೆಸಿಬಲ್‌ನಷ್ಟು ಜಾಗ ಇದೆ. ಅಷ್ಟಿದ್ದರೂ ಬಹಳಷ್ಟು ಆಲ್ಬಮ್‌ಗಳು ಮೇಲಿನ ಕೆಲವೇ ಡೆಸಿಬಲ್‌ಗಳಲ್ಲಿ ಒದ್ದಾಡುತ್ತವೆ. ಚಾಮರಾಜಪೇಟೆಯ ರಾಮನವಮಿ ಕಚೇರಿಯಲ್ಲಿ ತನಿ ಆವರ್ತನ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆರಳ ತುದಿಯಲ್ಲಿ ಶುರುವಾದ ಮೃದಂಗ ಮುಗಿಯುವ ಹೊತ್ತಿಗೆ ಪೆಂಡಾಲನ್ನೇ ಅಲುಗಿಸುತ್ತದೆ. ಮೈಕಿನವರು ಕೈ ಹಾಕದಿದ್ದರೆ, ಅಷ್ಟೇ!

ಡಿಜಿಟಲ್ ರೆಕಾರ್ಡಿಂಗಿನಲ್ಲಿ ದನಿಗೆ ಒಂದು ಮಿತಿ ಇದೆ, ಅದನ್ನು ದಾಟುವ ಹಾಗಿಲ್ಲ. ಆದರೂ ಹಾಡು ಇನ್ನೂ ಜೋರಾಗಬೇಕು ಅಂದರೆ ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್, ಲಿಮಿಟರ್ ಹಾಕಿ ಡ್ರಮ್ ಏಟಿನ ತುದಿಯನ್ನು ಅದುಮುತ್ತಾರೆ. ಆಮೇಲೆ ಇಡೀ ಹಾಡನ್ನು ಮೇಲಕ್ಕೆತ್ತುತ್ತಾರೆ. ಅತಿಯಾದರೆ ದನಿ ಒಡೆಯುತ್ತದೆ, ಇದೇ ಕ್ಲಿಪಿಂಗ್. ಪಕ್ಕದ ಹಾಡಿಗಿಂತ ನಮ್ಮದೇ ಎದ್ದು ಕೇಳಬೇಕು ಅನ್ನುವ ಈ ಪೈಪೋಟಿಗೆ ಲೌಡ್‌ನೆಸ್ ವಾರ್ ಅಂತ ಹೆಸರು.

ಅದರಲ್ಲಿ ಕುಖ್ಯಾತವಾದದ್ದು ಮೆಟಾಲಿಕಾ ಅನ್ನುವ ಮೆಟಲ್ ತಂಡದ 2008ರ ಆಲ್ಬಮ್ ‘ಡೆತ್ ಮ್ಯಾಗ್ನೆಟಿಕ್’. ಅದೇ ಹಾಡುಗಳು ಗಿಟಾರ್ ಹೀರೋ ವಿಡಿಯೊ ಗೇಮಿನಲ್ಲೂ ಬಂದವು. ಗೇಮಿನಲ್ಲಿ ಡ್ರಮ್ ಬಿಡಿಬಿಡಿಯಾಗಿ ಕೇಳುತ್ತಿತ್ತು, ಸಿ.ಡಿ.ಯಲ್ಲಿ ಗಿಟಾರಿನ ಜೊತೆ ಕಲಸಿಹೋಗಿತ್ತು. ಮತ್ತೆ ಸರಿಯಾಗಿ ಮಿಕ್ಸ್ ಮಾಡಿ ಅಂತ ಸಾವಿರಾರು ಅಭಿಮಾನಿಗಳು ಅರ್ಜಿಗೆ ಸಹಿ ಹಾಕಿದರು. ಅವರ ತಕರಾರು ಜೋರಿನ ಬಗ್ಗೆ ಅಲ್ಲ. ಜೋರು ಬೇಡ ಅನ್ನುವವರು 2011ರಲ್ಲಿ ಇದೇ ತಂಡ ನಮ್ಮ ಅರಮನೆ ಮೈದಾನಕ್ಕೆ ಬಂದಾಗ ಗೇಟಿನ ಹತ್ತಿರವೂ ಸುಳಿಯುತ್ತಿರಲಿಲ್ಲ.

ಹಿಪ್ ಹಾಪ್‌ನಲ್ಲಿ ಲೆಕ್ಕ ಬೇರೆ. 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808 ಡ್ರಮ್ ಮಷೀನಿನ ಬೇಸ್ ದನಿಯನ್ನು ಎಷ್ಟೋ ಜನ ಬೇಕೆಂದೇ ಒಡೆಸುತ್ತಾರೆ. ಆ ಗರಗರವೇ ಅದರ ಮಜಾ. ಬೆಂಗಳೂರಲ್ಲಿ ನೆಲೆ ನಿಂತ ರ‍್ಯಾಪರ್ ಹನುಮಾನ್‌ಕೈಂಡ್ 2024ರಲ್ಲಿ ತಂದ ‘ಬಿಗ್ ಡಾಗ್ಸ್’ ಹಾಡನ್ನು ಸಣ್ಣಗೆ ಹಾಕಿ ನೋಡಿ, ಅರ್ಧ ರುಚಿ ಹೋಗುತ್ತದೆ. ರ‍್ಯಾಪ್‌ನಲ್ಲಿ ಒಂದೊಂದು ಮಾತೂ ಕಿವಿಗೆ ಬೀಳಬೇಕು, ಹಾಗಾಗಿ ಅದುಮಿದರೂ ಅಷ್ಟು ನಷ್ಟವಿಲ್ಲ. ಜಾಸ್ತಿ ಕಳೆದುಕೊಂಡದ್ದು ರಾಕ್, ಅಂತ ನನಗನ್ನಿಸುತ್ತದೆ. ಮೆಲ್ಲಗೆ ಹಾಡುತ್ತಾ ಬಂದು ಒಮ್ಮೆಲೇ ಎಗರುವುದೇ ಎಷ್ಟೋ ರಾಕ್ ಹಾಡುಗಳ ಜೀವಾಳ. ಎಗರಲು ಜಾಗವೇ ಇಲ್ಲದಿದ್ದರೆ ಕೋರಸ್ ಬಂದದ್ದೇ ಗೊತ್ತಾಗುವುದಿಲ್ಲ, ಅಲ್ವಾ?

ಅದುಮುವವರ ಪರವಾಗಿಯೂ ಒಂದು ಮಾತಿದೆ. ಸಿಲ್ಕ್ ಬೋರ್ಡ್ ಹತ್ತಿರ ಬಿಎಂಟಿಸಿ ಬಸ್ಸಿನಲ್ಲಿ ನಿಂತು ಕೇಳುವವರಿಗೆ ಮೆಲ್ಲಗಿನ ಗಿಟಾರ್ ಇಂಜಿನ್ ಸದ್ದಿನಲ್ಲಿ ಮುಳುಗೇ ಹೋಗುತ್ತದೆ. ಅಲ್ಲಿ ಸ್ವಲ್ಪ ಅದುಮಿದ ಹಾಡೇ ವಾಸಿ.

ಆದರೆ ಪೈಪೋಟಿಗೆ ಈಗ ಅರ್ಥ ಉಳಿದಿಲ್ಲ. ಸ್ಪಾಟಿಫೈ ತಾನಾಗಿಯೇ ಎಲ್ಲ ಹಾಡುಗಳನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರುತ್ತದೆ. ಜೋರು ಹಾಡಿನ ವಾಲ್ಯೂಮ್ ಇಳಿಸಿಬಿಡುತ್ತದೆ. ಆಗ ಉಳಿಯುವುದು ಅದುಮಿದ ಡ್ರಮ್ ಮಾತ್ರ.

ಕಿವಿಯಿಂದಲೇ ತಿಳಿಯಬೇಕಾದರೆ ನಿರ್ವಾಣ ತಂಡದ ‘ನೆವರ್‌ಮೈಂಡ್’ ಸಾಕು. 1991ರ ಸಿ.ಡಿ. ಮತ್ತು ಇನ್ನೂ ಜೋರು ಮಾಡಿದ 2011ರ ರೀಮಾಸ್ಟರ್ (ಹಳೆಯ ರೆಕಾರ್ಡಿಂಗನ್ನೇ ಮತ್ತೆ ಹದ ಮಾಡಿ ತಂದದ್ದು), ಎರಡನ್ನೂ ಒಂದೇ ವಾಲ್ಯೂಮಿಗೆ ತನ್ನಿ. ಮೊದಲ ಹಾಡಿನಲ್ಲಿ ಗಿಟಾರ್ ಆದಮೇಲೆ ಡ್ರಮ್ ಬಂದು ಬೀಳುವ ಜಾಗವನ್ನಷ್ಟೇ ಕೇಳಿ. ಹಳೆಯ ಸಿ.ಡಿ.ಯಲ್ಲಿ ಆ ಏಟು ಎದೆಗೇ ತಾಗುತ್ತದೆ.